ಮುಪ್ಪುರಿ ಎಂಬ ಮಾತು ವಿಜ್ಞಾನದ ಪಾಠಕ್ಕೆ ಬರಲಿ

ಡಿಎನ್‌ಎ ಎಂದೊಡನೆ ‘ಎರಡೆಳೆಯ ಸುರುಳಿ, ವಾಟ್ಸನ್ ಮತ್ತು ಕ್ರಿಕ್, 1953’ ಎಂದು ಹತ್ತನೆಯ ಇಯತ್ತೆಯ ಮಕ್ಕಳು ಥಟ್ಟನೆ ಹೇಳುತ್ತಾರೆ. ಅದರ ಮರುವರ್ಷವೇ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಅವರು ಮೂರೆಳೆಯ ಒಂದು ಅಣುವಿನ ರಚನೆಯನ್ನು ಲೋಕಕ್ಕೆ ತಿಳಿಸಿದರು. 1955ರಲ್ಲಿ ಆ ಮೂರು ಎಳೆಗಳು ಒಂದನ್ನೊಂದು ಸುತ್ತಿಕೊಂಡಿರುವ ಬಗೆಯನ್ನೂ ತೋರಿಸಿದರು. ಆ ಅಣುವೇ ಕೊಲ್ಯಾಜನ್. ನಮ್ಮ ಚರ್ಮ, ಎಲುಬು, ಸ್ನಾಯುರಜ್ಜುಗಳಿಗೆ ಗಟ್ಟಿತನ ಕೊಡುವ ಪ್ರೋಟೀನ್ ಇದು. ದೇಹದ ಒಟ್ಟು ಪ್ರೋಟೀನಿನಲ್ಲಿ ಸುಮಾರು ಕಾಲುಭಾಗ ಇದೊಂದೇ. ಇದರ ಹೆಸರನ್ನೇ ಕೇಳದೆ ಶಾಲೆ ಮುಗಿಸಿದವರು ನಮ್ಮಲ್ಲಿ ಎಷ್ಟೋ ಮಂದಿ.

ಇದನ್ನು ನಾನು ದೇಶಾಭಿಮಾನದ ಮಾತಾಗಿ ಆಡುತ್ತಿಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಸೀಮೆಯ ಹಳ್ಳಿಯ ಮಗುವಿಗೆ ಅಣುಲೋಕದೊಳಗೆ ಕಾಲಿಡಲು ಇದಕ್ಕಿಂತ ಹತ್ತಿರದ ಬಾಗಿಲು ಇನ್ನೊಂದಿಲ್ಲ ಎಂಬುದು ನನ್ನ ವಾದ.

ಪುಂಡಿಯ ನಾರಿನಿಂದ ಹಗ್ಗ ಹೊಸೆಯುವುದನ್ನು ಕಂಡವರಿಗೆ ಈ ಮಾತು ಗೊತ್ತು. ಒಂದೊಂದು ಎಳೆಗೂ ಮೊದಲು ಒಂದು ದಿಕ್ಕಿಗೆ ಹುರಿ ಹಾಕುತ್ತಾರೆ. ಆಮೇಲೆ ಮೂರನ್ನೂ ಕೂಡಿಸುವಾಗ ಎದುರು ದಿಕ್ಕಿಗೆ ಸುತ್ತುತ್ತಾರೆ. ಹಾಗಾಗಿ ಎಳೆಯು ಬಿಚ್ಚಿಕೊಳ್ಳಲು ಹವಣಿಸಿದಷ್ಟೂ ಹಗ್ಗ ಬಿಗಿಯಾಗುತ್ತದೆ. ದೀಪಾವಳಿಯ ತರುವಾಯ ಹೋರಿ ಬೆದರಿಸುವ ಹಬ್ಬದಲ್ಲಿ ಕೊಬ್ಬರಿ ಹಾರ ತೊಟ್ಟು ನುಗ್ಗುವ ಹೋರಿಯನ್ನು ಕಟ್ಟಿ ನಿಲ್ಲಿಸುವ ಹಗ್ಗದ ಗುಟ್ಟು ಇದೇ. ಕೊಲ್ಯಾಜನ್ನಿನಲ್ಲಿಯೂ ಪ್ರತಿಯೊಂದು ಎಳೆ ಎಡಕ್ಕೆ ತಿರುಗಿದ ಸುರುಳಿ. ಮೂರೂ ಕೂಡಿ ಬಲಕ್ಕೆ ತಿರುಗಿಕೊಂಡಿವೆ. ಪ್ರತಿ ಮೂರನೆಯ ಮಣಿ ಗ್ಲೈಸಿನ್ ಎಂಬ ಅತ್ಯಂತ ಚಿಕ್ಕ ಅಮೈನೋ ಆಮ್ಲವಾಗಿರುವುದರಿಂದ ಮೂರೆಳೆಗಳು ನಡುವೆ ಅಷ್ಟು ಒತ್ತಾಗಿ ಕೂಡಬಲ್ಲವು. ರಾಮಚಂದ್ರನ್ನರ ಮೊದಲ ಮಾದರಿಯಲ್ಲಿ ಎಳೆಗಳನ್ನು ಬಂಧಿಸುವ ಜಲಜನಕದ ಬಂಧಗಳ ಲೆಕ್ಕವನ್ನು ರಿಚ್ ಮತ್ತು ಕ್ರಿಕ್ ತಿದ್ದಿದರು. ಮೂರೆಳೆಯ ಮೂಲ ಕಲ್ಪನೆ ಮಾತ್ರ ಅಲುಗಲಿಲ್ಲ.

ಇನ್ನೂ ಒಂದು ಸೋಜಿಗವಿದೆ. ನಮ್ಮ ಒಕ್ಕಲುತನದ ಮಿಣಿ ಚರ್ಮದ್ದು. ಅಂದರೆ ಅದು ಕಣ್ಣಿಗೆ ಕಾಣದ ಕೋಟ್ಯಂತರ ಮೂರೆಳೆ ಹಗ್ಗಗಳಿಂದಾದ ಹಗ್ಗ. ತಂಗಡಿ ತೊಗಟೆಯಲ್ಲಿ ಚರ್ಮ ಹದಮಾಡುತ್ತಿದ್ದವರು ಈ ಎಳೆಗಳನ್ನೇ ಟ್ಯಾನಿನ್‌ನಿಂದ ಬೆಸೆದು, ಕೊಳೆಯದಂತೆ ಮಾಡುತ್ತಿದ್ದರು. ಅವರ ಅರಿವನ್ನು ನಾವು ಅರಿವೆಂದು ಎಣಿಸಲಿಲ್ಲ; ಊರ ಹೊರಗೆ ಇಟ್ಟೆವು. ವಿಜ್ಞಾನದ ಪಾಠದಲ್ಲಾದರೂ ಅದಕ್ಕೊಂದು ಪುಟ ಸಿಗಬಾರದೇ?

ಹಗ್ಗಕ್ಕೆ ಹೊಸೆಯುವ ಕೈ ಬೇಕು, ಅಣುವಿಗೆ ಅದೆಲ್ಲಿದೆ ಎಂದು ಕೇಳಬಹುದು. ನಿಜವಾದ ವಿಸ್ಮಯ ಅಲ್ಲಿಯೇ ಇದೆ. 2011ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾನಿಲಯದ ಜೆಫ್ರಿ ಹಾರ್ಟ್‌ಗೆರಿಂಕ್ ಮತ್ತು ಸಂಗಡಿಗರು ಕೇವಲ 36 ಅಮೈನೋ ಆಮ್ಲಗಳ ಒಂದು ಕೃತಕ ಸರವನ್ನು ಕಟ್ಟಿದರು. ಅದರ ಒಂದು ತುದಿಯ ಕಡೆ ಧನ ವಿದ್ಯುದಂಶದ ಲೈಸಿನ್, ಇನ್ನೊಂದು ತುದಿಯ ಕಡೆ ಋಣ ವಿದ್ಯುದಂಶದ ಆಸ್ಪಾರ್ಟಿಕ್ ಆಮ್ಲ. ನೀರಿನಲ್ಲಿ ಬಿಟ್ಟಾಗ ಈ ಸರಗಳು ಪರಸ್ಪರ ಸೆಳೆದುಕೊಂಡು ಮೂರುಮೂರಾಗಿ ಸುತ್ತಿಕೊಂಡವು. ಆದರೆ ಮೂರರ ತುದಿಗಳೂ ಒಂದೇ ಸಮಕ್ಕೆ ನಿಲ್ಲಲಿಲ್ಲ. ಒಂದು ಮುಂದೆ, ಒಂದು ಹಿಂದೆ ಉಳಿದವು. ಹೀಗೆ ಚಾಚಿಕೊಂಡ ತುದಿಗೆ ಮುಂದಿನ ಸರ ಬಂದು ಹತ್ತಿತು. ಹಗ್ಗ ಹೊಸೆಯುವವನೂ ಇದನ್ನೇ ಮಾಡುತ್ತಾನೆ. ಮೂರೆಳೆಗೂ ಒಂದೇ ಕಡೆ ಹೊಸ ನಾರು ಸೇರಿಸಿದರೆ ಹಗ್ಗ ಅಲ್ಲಿಯೇ ಹರಿಯುತ್ತದೆ. ಆದ್ದರಿಂದ ಸೇರಿಕೆಯನ್ನು ಹಿಂದುಮುಂದಾಗಿ ಇಡುತ್ತಾನೆ. ಅಣುಗಳು ಹೀಗೆ ಬೆಳೆದು ನ್ಯಾನೊ ಅಳತೆಯ ಎಳೆಗಳಾದವು, ಎಳೆಗಳು ಹೆಣೆದುಕೊಂಡು ಬಲೆಯಾದವು, ಬಲೆಯು ನೀರನ್ನು ಹಿಡಿದಿಟ್ಟು ಜೆಲ್ ಆಯಿತು. ಇಂಥ ಜೆಲ್ಲುಗಳು ಗಾಯ ಮಾಯಿಸಲು, ಜೀವಕೋಶ ಬೆಳೆಸಲು ನೆರವಾದಾವು ಎಂಬುದು ಈ ಸಂಶೋಧನೆಗಳ ಹಿಂದಿನ ಆಸೆ.

ಬೆಂಗಳೂರೂ ಈ ಕಥೆಯಿಂದ ಹೊರತಲ್ಲ. 1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗ ಕಟ್ಟಿದರು. ಅದೇ ವಿಭಾಗದಲ್ಲಿ ಪಿ. ಬಲರಾಮ್ ಅವರು ಸುರುಳಿಯಾಕಾರದ ಕೃತಕ ಪೆಪ್ಟೈಡುಗಳನ್ನು ದಶಕಗಳ ಕಾಲ ರಚಿಸಿ ಅಭ್ಯಸಿಸಿದರು.

ನನ್ನ ತರಗತಿಯಲ್ಲಿ ಹಿರೇಕೆರೂರು ಕಡೆಯ ಒಬ್ಬ ಹುಡುಗನಿದ್ದ; ಮನೆಯಲ್ಲಿ ಹಗ್ಗ ಹೊಸೆಯುವ ಕಸುಬು. ಹಲಗೆಯ ಮೇಲೆ ಡಿಎನ್‌ಎ ಚಿತ್ರ ಬರೆದಾಗ ಎದ್ದು ನಿಂತು, “ಸರ್, ಇದರಾಗ ಎದುರು ಹುರಿ ಎಲ್ಲೈತ್ರಿ? ಇದು ಬಿಚ್ಚಂಗಿಲ್ಲೇನ್ರಿ?” ಎಂದು ಕೇಳಿದ. ಅಂಥ ಪ್ರಶ್ನೆಯನ್ನು ನಾನು ಮತ್ತೆ ಕೇಳಿಲ್ಲ. ಎದುರು ಹುರಿ ಇರುವುದು ನಿನ್ನ ಚರ್ಮದಲ್ಲಿ ಎಂದು ಹೇಳಿದಾಗ ಅವನು ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಒಳ್ಳೆಯ ಅಂಕ ಪಡೆದು ಪಿಯುಸಿ ವಿಜ್ಞಾನಕ್ಕೆ ಸೇರಿದ, ಪಾಠವೆಲ್ಲ ಇಂಗ್ಲಿಷಿನಲ್ಲಿ. ದಸರೆಗೆ ಮುಂಚೆಯೇ ಬಿಟ್ಟು ಬಂದ. ಅವನ ಬುದ್ಧಿಯಲ್ಲಿ ಕೊರತೆಯಿತ್ತೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ.

ಇಂಗ್ಲಿಷ್ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಕನ್ನಡದಲ್ಲಿ ಹೇಳುವಾಗಲಾದರೂ ನಮ್ಮ ಮಾತಿನಲ್ಲಿ ಹೇಳೋಣ. ‘ತ್ರಿಗುಣಿತ ಕುಂಡಲಿನಿ’ಯಂಥ ಪದ ಟಂಕಿಸಿದರೆ ಮಗುವಿಗೆ ಅದೂ ಇಂಗ್ಲಿಷಿನಷ್ಟೇ ದೂರ. ಮೂರು ಹುರಿ ಕೂಡಿದ್ದಕ್ಕೆ ‘ಮುಪ್ಪುರಿ’ ಎಂಬ ಅಚ್ಚಗನ್ನಡದ ಹಳೆಯ ಮಾತು ನಮ್ಮಲ್ಲಿಯೇ ಇರುವಾಗ ಬೇರೆಯದು ಏಕೆ? ಸ್ವಯಂ ಸಂಯೋಜನೆ ಎನ್ನುವುದರ ಬದಲು ‘ತಾನಾಗಿ ಹೊಸೆದುಕೊಳ್ಳುವುದು’ ಎಂದರೆ ಯಾವ ಅರ್ಥವೂ ಕಳೆದುಹೋಗದು.

ಶಿಕ್ಷಕ ಮಿತ್ರರಿಗೆ ಒಂದು ಸೂಚನೆ. ಒಂದು ಹಿಡಿ ಪುಂಡಿ ನಾರು ತರಿಸಿ, ಮಕ್ಕಳ ಕೈಯಿಂದಲೇ ಹೊಸೆಯಿಸಿ; ನೈಲಾನ್ ಬಂದ ಮೇಲೆ ನಾರು ಹುಡುಕುವುದೇ ಕಷ್ಟವಾಗಿದೆ, ಆದರೂ ಸಿಗುತ್ತದೆ. ಬಳಿಕ ಅಂಗಡಿಯ ಜೆಲಟಿನ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ. ಕೊಲ್ಯಾಜನ್ನಿನ ಹುರಿ ಬಿಚ್ಚಿದಾಗ ಸಿಗುವ ವಸ್ತು ಅದು. ತಣಿದಂತೆ ಎಳೆಗಳು ಅಲ್ಲಲ್ಲಿ ಮತ್ತೆ ಸುತ್ತಿಕೊಂಡು ನೀರನ್ನು ಹಿಡಿಯುತ್ತವೆ. ಎಲುಬು, ಚರ್ಮಗಳಿಂದ ಬಂದದ್ದೆಂದು ಕೆಲವು ಮನೆಗಳಲ್ಲಿ ಆಕ್ಷೇಪ ಬರಬಹುದು. ತಿನ್ನಲಿಕ್ಕಲ್ಲ, ನೋಡಲಿಕ್ಕೆ ಎಂದು ಮೊದಲೇ ತಿಳಿಸಿ. ನಮ್ಮ ಸೀಮೆಯ ಬೇಸಿಗೆಯಲ್ಲಿ ಅದು ಹೆಪ್ಪುಗಟ್ಟುವುದಿಲ್ಲ. ಸಂಕ್ರಾಂತಿಯ ಆಸುಪಾಸಿನ ಚಳಿಯಲ್ಲಿ ರಾತ್ರಿ ಮುಚ್ಚಿಟ್ಟು, ಮುಂಜಾನೆಯ ಮೊದಲ ತಾಸಿನಲ್ಲಿ ತೆಗೆದು ತೋರಿಸಿರಿ.