ಉಳ್ಳಿಯ ಘಾಟು ಮತ್ತು ಕರುಳಿನ ಹಿತ

ಬೆಳ್ಳುಳ್ಳಿಗೆ ಸಂಸ್ಕೃತದಲ್ಲಿ ರಸೋನವೆಂಬ ಹೆಸರುಂಟು. ಷಡ್ರಸಗಳಲ್ಲಿ ಹುಳಿಯೊಂದರಿಂದ ಮಾತ್ರ ಊನವಾದುದೆಂದು ಆಯುರ್ವೇದ ನಿಘಂಟುಗಳು ಆ ಪದವನ್ನು ಬಿಡಿಸುತ್ತವೆ. ಇಂತಹ ಪ್ರಾಚೀನ ಕೀರ್ತಿಯನ್ನೆಲ್ಲ ನಾವು ಅದರ ಘಾಟಿಗೇ ಸಲ್ಲಿಸುತ್ತ ಬಂದಿದ್ದೇವೆ. ಕರುಳಿನ ಮಟ್ಟಿಗೆ ಇದು ಪೂರ್ತಿ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಘಾಟಿನ ಮೂಲ ಅಲಿಸಿನ್. ಇಡಿಯ ಎಸಳಿನಲ್ಲಿ ಅದು ಇರುವುದಿಲ್ಲ. ಜಜ್ಜಿದಾಗ ಅಲಿಯಿನ್ ಎಂಬ ವಸ್ತುವಿನ ಮೇಲೆ ಅಲಿನೇಸ್ ಎಂಬ ಕಿಣ್ವ ವರ್ತಿಸಿ ಅದು ಹುಟ್ಟುತ್ತದೆ. 1944ರಲ್ಲಿ ಅಮೆರಿಕದ ಕವಲ್ಲಿಟೊ ಮತ್ತು ಬೈಲಿ ಅದನ್ನು ಬೇರ್ಪಡಿಸಿ, ಸೂಕ್ಷ್ಮಜೀವಿಗಳನ್ನು ತಡೆಯುವ ಅದರ ಶಕ್ತಿಯನ್ನು ತೋರಿಸಿದರು. ಆದರೆ ಅದು ಅಲ್ಪಾಯುಷಿ. ಬೆಂಕಿಯ ಮುಂದೆ ನಿಲ್ಲದು.

ಕರುಳಿಗೆ ಒದಗುವುದು ಈರುಳ್ಳಿ ಬೆಳ್ಳುಳ್ಳಿಗಳೆರಡರಲ್ಲೂ ಇರುವ, ವಾಸನೆಯೇ ಇಲ್ಲದ ಫ್ರಕ್ಟಾನ್. ಅದನ್ನು ಜೀರ್ಣಿಸುವ ಕಿಣ್ವ ಮನುಷ್ಯನಲ್ಲಿಲ್ಲ. ಹಾಗೆಯೇ ದೊಡ್ಡಕರುಳನ್ನು ಸೇರಿ ಅಲ್ಲಿಯ ಹಿತಕರ ಬ್ಯಾಕ್ಟೀರಿಯಗಳಿಗೆ ಅದು ಉಣಿಸಾಗುತ್ತದೆ. ಅವು ಅದನ್ನು ಹುದುಗಿಸುವಾಗ ಬ್ಯುಟಿರೇಟ್ ಮೊದಲಾದ ಆಮ್ಲಗಳುಂಟಾಗುತ್ತವೆ. ದೊಡ್ಡಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ಅಡುಗೆಯ ಶಾಖಕ್ಕೆ ಫ್ರಕ್ಟಾನ್ ಬಹುಮಟ್ಟಿಗೆ ಅಳಿಯದು. ಆದುದರಿಂದ ಸಾರಿನಲ್ಲಿ ಬೆಂದ ಈರುಳ್ಳಿಯನ್ನು ಸತ್ವಹೀನವೆಂದು ತಟ್ಟೆಯ ಅಂಚಿಗೆ ಸರಿಸುವುದು ತರವಲ್ಲ. (ನಮ್ಮ ಬಾಲಕರು ಇದನ್ನು ಗಮನಿಸಬೇಕು!)

ಹುದುಗುವಲ್ಲಿ ವಾಯುವೂ ಹುಟ್ಟುವುದಷ್ಟೆ. ಕರುಳು ಸೂಕ್ಷ್ಮವಾದವರಿಗೆ ಇದೇ ಫ್ರಕ್ಟಾನ್ ಹೊಟ್ಟೆಯುಬ್ಬರವನ್ನೂ ನೋವನ್ನೂ ತರುತ್ತದೆ. ಹೊಟ್ಟೆನೋವೆಂದ ಮಗುವಿಗೆ ಹಸಿ ಬೆಳ್ಳುಳ್ಳಿಯನ್ನು ನುಂಗಿಸುವ ಹಿರಿಯರನ್ನು ಕಂಡಿದ್ದೇನೆ. ಅದನ್ನು ನಾನು ಒಪ್ಪಲಾರೆ. ಪದೇ ಪದೇ ನೋಯುವುದಾದರೆ ವೈದ್ಯರಿಗೆ ತೋರಿಸತಕ್ಕದ್ದು. ಅಂತಹವರಿಗೆ ಪರಿಮಳವಾದರೂ ಬೇಕೆನಿಸಿದರೆ, ಎಸಳುಗಳನ್ನು ಎಣ್ಣೆಯಲ್ಲಿ ಹುರಿದು ತೆಗೆದುಹಾಕಿ, ಆ ಎಣ್ಣೆಯಿಂದಲೇ ಒಗ್ಗರಣೆ ಕೊಡಬಹುದು. ಫ್ರಕ್ಟಾನ್ ನೀರಿನಲ್ಲಿ ಕರಗುವುದೇ ಹೊರತು ಎಣ್ಣೆಯಲ್ಲಲ್ಲ.