ನೀರಿಳಿಯುವ ಹೊತ್ತು

ಹುಣ್ಣಿಮೆಯ ಮರುದಿನ, ಸೂರ್ಯನು ನೆತ್ತಿಗೆ ಬಂದಿದ್ದ ಹೊತ್ತಿನಲ್ಲಿ, ಉತ್ತರ ಕನ್ನಡದ ಒಂದು ಅಳಿವೆಯ ಅಂಚಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ ಹಾಸಿದ ಹಲಗೆದಾರಿಯ ಮೇಲೆ ನಾವು ಐದಾರು ಮಂದಿ ನಿಂತಿದ್ದೆವು. ನೀರು ಹಲಗೆಯ ಅಡಿಯನ್ನು ಸವರುವಷ್ಟು ಏರಿತ್ತು. ಗಿಡಗಳು ಕೊರಳವರೆಗೆ ಮುಳುಗಿ ಹಸುರು ತಲೆಗಳನ್ನಷ್ಟೇ ಹೊರಗೆ ಚಾಚಿದ್ದವು. ನಮ್ಮೊಡನಿದ್ದ ಹುಡುಗನೊಬ್ಬನು ಕಾಲು ಗಂಟೆ ತಾಳ್ಮೆಯಿಂದ ನೋಡಿ, "ಇಲ್ಲೇನೂ ಇಲ್ಲವಲ್ಲ" ಎಂದನು. ಹಿರಿಯರಿಗೂ ಮನಸ್ಸಿನಲ್ಲಿ ಅದೇ ಇದ್ದುದರಿಂದ ಯಾರೂ ಅವನನ್ನು ಗದರಲಿಲ್ಲ. ಚಿತ್ರಾನ್ನದ ಡಬ್ಬಿಯ ಮುಚ್ಚಳ ತೆರೆಯಿತು. ದಂಡೆಯಲ್ಲಿ ಬುಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡು ಎಲೆಯಡಿಕೆ ಜಗಿಯುತ್ತ ಕುಳಿತಿದ್ದ ಮುದುಕಿಯೊಬ್ಬಳು ನಮ್ಮನ್ನು ನೋಡಿ ನಕ್ಕು, "ನೀರ್ ಇಳೀಲಿ ಮಾರಾಯ್ರೆ, ಆಗ ಬನ್ನಿ. ಈಗೇನ್ ಕಾಣ್ತದೆ?" ಎಂದಳು.

ಪ್ರಕೃತಿಯನ್ನು ನೋಡಲೆಂದು ಕರಾವಳಿಗೆ ಹೋಗುವ ನಮ್ಮಂಥವರ ಅಜ್ಞಾನವನ್ನೆಲ್ಲ ಆಕೆ ಒಂದೇ ಮಾತಿನಲ್ಲಿ ಬಯಲಿಗೆಳೆದಿದ್ದಳು. ನಾವು ಬಸ್ಸಿನ ವೇಳೆಯನ್ನು ವಿಚಾರಿಸಿದ್ದೆವು, ಊಟಕ್ಕೆ ಏನು ಕಟ್ಟಿಕೊಳ್ಳಬೇಕೆಂದು ಹಿಂದಿನ ರಾತ್ರಿಯೇ ಚರ್ಚಿಸಿದ್ದೆವು, ಪ್ರವೇಶಶುಲ್ಕದ ಚಿಲ್ಲರೆಯನ್ನೂ ಜೋಡಿಸಿಕೊಂಡಿದ್ದೆವು. ಆದರೆ ನಾವು ನೋಡಹೊರಟ ವಸ್ತು ಯಾವ ಹೊತ್ತಿನಲ್ಲಿ ಕಾಣಸಿಗುವುದೆಂಬುದನ್ನು ಒಬ್ಬರೂ ಕೇಳಿರಲಿಲ್ಲ. ದೇವಸ್ಥಾನಕ್ಕೆ ಹೋಗುವವನು ಮಹಾಮಂಗಳಾರತಿ ಎಷ್ಟು ಗಂಟೆಗೆಂದು ಕೇಳಿಯೇ ಹೋಗುತ್ತಾನಷ್ಟೆ?

ಅಳಿವೆಯೆಂಬುದು ದಿನಕ್ಕೆರಡು ಸಲ ಮುಚ್ಚಿ ಎರಡು ಸಲ ತೆರೆಯುವ ಗ್ರಂಥ. ಸುಮಾರು ಆರು ಗಂಟೆ ಕಾಲ ಏರಿ, ಮತ್ತೆ ಅಷ್ಟೇ ಹೊತ್ತು ಇಳಿಯುವ ನೀರು, ಚಂದ್ರನ ಲೆಕ್ಕವನ್ನು ಅನುಸರಿಸಿ ದಿನದಿನಕ್ಕೆ ಹೆಚ್ಚುಕಡಿಮೆ ಐವತ್ತು ನಿಮಿಷ ತಡವಾಗುತ್ತ ಹೋಗುವುದರಿಂದ, ನಿನ್ನೆ ಕಂಡ ಕೆಸರುಬಯಲು ಇಂದು ಅದೇ ಗಳಿಗೆಗೆ ಕಾಣುವುದಿಲ್ಲ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಏರಿಳಿತ ಬಲು ದೊಡ್ಡದು. ಅಷ್ಟಮಿಯ ಆಸುಪಾಸಿನಲ್ಲಿ ಅದು ಸೊರಗುತ್ತದೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆಯ ನಡುಹಗಲೆಂದರೆ ಸಾಮಾನ್ಯವಾಗಿ ನೀರು ತುಂಬಿರುವ ಹೊತ್ತು. ಬಲೆ ಬೀಸುವವರೂ ಚಿಪ್ಪು ಹೆಕ್ಕುವವರೂ ಇದನ್ನು ತಿಥಿಯಿಂದಲೇ ಹೇಳಬಲ್ಲರು. ಪಂಚಾಂಗವನ್ನು ರಾಹುಕಾಲಕ್ಕಾಗಿ ಮಾತ್ರ ತೆರೆಯುವ ನಾವು ಅದೇ ಪುಟದಲ್ಲಿ ಸಮುದ್ರದ ವೇಳಾಪಟ್ಟಿಯೂ ಅಡಗಿರುವುದನ್ನು ಮರೆತಿದ್ದೇವೆ.

ನೀರು ಸರಿದ ಮೇಲೆ ಅಲ್ಲಿ ಏನುಂಟೆಂಬುದನ್ನು ನಾನು ಬೇರೊಂದು ಸಲ, ಮುದುಕಿಯ ಮಾತಿನಂತೆ ತಿಥಿ ನೋಡಿಕೊಂಡು ಹೋದಾಗ ಕಂಡೆನು. ಕಾಂಡ್ಲಾದ ಒಂದು ಜಾತಿಯು ಊರುಗೋಲುಗಳಂತೆ ಬಾಗಿದ ಬೇರುಗಳ ಮೇಲೆ ನೆಲದಿಂದ ಎತ್ತರಕ್ಕೆ ನಿಂತಿರುತ್ತದೆ. ಇನ್ನೊಂದು ಜಾತಿಯ ಸುತ್ತಲೂ, ಯಾರೋ ಸಾವಿರಾರು ಪೆನ್ಸಿಲುಗಳನ್ನು ಮೊನೆ ಮೇಲಾಗಿ ನೆಟ್ಟಂತೆ, ಉಸಿರಾಡುವ ಬೇರುಗಳು ಕೆಸರನ್ನು ಸೀಳಿಕೊಂಡು ಮೇಲೆದ್ದಿರುತ್ತವೆ. ಆ ಕೆಸರಿನೊಳಗೆ ಪ್ರಾಣವಾಯುವಿಲ್ಲವಾದ ಕಾರಣ ಗಿಡಕ್ಕೆ ಅನ್ಯ ಮಾರ್ಗವಿಲ್ಲ. ಮೊದಲ ಜಾತಿಯ ಬೀಜವಾದರೂ ತಾಯಿಮರದಲ್ಲಿರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಜೋತುಬಿದ್ದು, ಕಾಲ ಕೂಡಿದಾಗ ಕಳಚಿ ಕೆಸರಿಗೆ ನಾಟುತ್ತದೆ, ಇಲ್ಲವೇ ತೇಲಿಹೋಗಿ ಬೇರೊಂದು ದಂಡೆಯನ್ನು ಹಿಡಿಯುತ್ತದೆ. ಕೆಸರಿನ ಮೇಲೆ ಕುಪ್ಪಳಿಸುವ ಪುಟ್ಟ ಮೀನುಗಳು ರೆಕ್ಕೆಯೂರಿ ಬೇರನ್ನು ಹತ್ತುತ್ತಿದ್ದವು. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಬಗೆಯ ಏಡಿ: ಗಂಡಿಗೆ ಒಂದು ಕೊಂಬು ಸಣ್ಣದು, ಇನ್ನೊಂದು ಮೈಯಷ್ಟೇ ದೊಡ್ಡದು, ಆ ದೊಡ್ಡ ಕೊಂಬನ್ನು ಮೇಲೆತ್ತಿ ಇಳಿಸುತ್ತ, ಮದುವೆಯ ಮನೆಯ ಬಾಗಿಲಲ್ಲಿ ನಿಂತ ಯಜಮಾನನಂತೆ, ಬಿಲದ ಮುಂದೆ ನಿಂತು ಹೆಣ್ಣುಗಳನ್ನು ಕರೆಯುತ್ತಿತ್ತು. ನಾನು ಕೊಡೆಯನ್ನು ಬಿಚ್ಚಿದೆನು. ನೆರಳು ಬಿದ್ದುದೇ ತಡ, ನೂರಾರು ಯಜಮಾನರು ಒಟ್ಟಿಗೆ ಮಾಯವಾದರು. ಅವರು ಒಬ್ಬೊಬ್ಬರಾಗಿ ತಿರುಗಿ ಹೊರಬರಲು ಏಳೆಂಟು ನಿಮಿಷವೇ ಬೇಕಾಯಿತು. ಗಟ್ಟಿಯಾಗಿ ಹಾಡು ಹಚ್ಚಿಕೊಂಡು ಹಲಗೆಯನ್ನು ಧಡಧಡನೆ ತುಳಿದು ಹೋಗುವವರಿಗೆ ಅಳಿವೆಯಲ್ಲಿ ಏನೂ ಇಲ್ಲವೆನಿಸುವುದರಲ್ಲಿ ಆಶ್ಚರ್ಯವೇನು?

ಅಘನಾಶಿನಿಯನ್ನೇ ತೆಗೆದುಕೊಳ್ಳೋಣ. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಅಣೆಕಟ್ಟಿನ ಕಟ್ಟಳೆಗೆ ಸಿಲುಕದೆ ತದಡಿಯ ಬಳಿ ಕಡಲನ್ನು ಸೇರುವ ಈ ನದಿಯ ಅಳಿವೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶವೆನಿಸಿತು. ವಿಸ್ತೀರ್ಣ 4,801 ಹೆಕ್ಟೇರು. ರಾಜ್ಯದಲ್ಲಿ ಆ ಗೌರವ ಮೊದಲು ಸಂದದ್ದು, 2022ರಲ್ಲಿ, ರಂಗನತಿಟ್ಟಿಗೆ. ಆದರೆ ರಂಗನತಿಟ್ಟಿನಂತೆ ದೋಣಿಯಲ್ಲಿ ಕುಳಿತು ಹಕ್ಕಿಗಳನ್ನೆಣಿಸಿ ಬರುವ ಸ್ಥಳ ಇದಲ್ಲ. ಇಲ್ಲಿ ನೀರಿಳಿದಾಗ ನೂರಾರು ಜನರು ಮೊಣಕಾಲುದ್ದದ ನೀರಿನಲ್ಲಿ ನಿಂತು ಬೆಳಚು ಎಂಬ ಚಿಪ್ಪುಗಳನ್ನು ಹೆಕ್ಕುತ್ತಾರೆ. ಗಜನಿಯೆಂಬ ಉಪ್ಪುನೆಲದಲ್ಲಿ ಉಪ್ಪನ್ನು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಸಾಣಿಕಟ್ಟೆಯಲ್ಲಿ ಉಪ್ಪು ತೆಗೆಯುತ್ತಾರೆ. ಮನುಷ್ಯನನ್ನು ಹೊರಗಟ್ಟಿ ಬೇಲಿ ಹಾಕಿದ ಅರಣ್ಯವಲ್ಲ ಇದು. ಬೆಳಚು ಹೆಕ್ಕುವವರನ್ನು ಬಿಟ್ಟು ಇದನ್ನು ವಿವರಿಸುವುದು ಪೂಜಾರಿಯನ್ನು ಬಿಟ್ಟು ಗರ್ಭಗುಡಿಯನ್ನು ವಿವರಿಸಿದಂತೆ.

ಬುತ್ತಿ ಕಟ್ಟಿಕೊಂಡು ಹೋಗುವುದನ್ನು ನಾನು ಹಳಿಯಲಾರೆನು. ಕಾರ್ತಿಕಮಾಸದಲ್ಲಿ ನೆಲ್ಲಿಯ ಮರದಡಿಯಲ್ಲಿ ಪೂಜೆ ಸಲ್ಲಿಸಿ, ಬಾಳೆಯೆಲೆಯಲ್ಲಿ ಉಂಡು ಏಳುವ ವನಭೋಜನವನ್ನು ಬಲ್ಲ ನಾಡಿನವರಿಗೆ ಪಿಕ್ನಿಕ್ಕನ್ನು ಪರದೇಶದಿಂದ ತರಿಸಿಕೊಳ್ಳುವ ಅಗತ್ಯವಿರಲಿಲ್ಲ. ಆ ಊಟಕ್ಕೊಂದು ಋತುವಿತ್ತು, ಒಂದು ಮರವಿತ್ತು, ಆ ಮರಕ್ಕೆ ಮೊದಲು ಕೈಮುಗಿಯುವ ಕ್ರಮವಿತ್ತು. ಉಂಡೆಲೆಯು ದನಕ್ಕೋ ಗೊಬ್ಬರಕ್ಕೋ ಸಲ್ಲುತ್ತಿತ್ತು. ಈಗಿನ ಊಟದ ಶೇಷವಾದರೋ ಹಾಗಲ್ಲ. ಮರಳದಂಡೆಯಲ್ಲಿ ಉಳಿಸಿಹೋದ ಅನ್ನಕ್ಕೂ ಮೀನಿನ ಮುಳ್ಳಿಗೂ ಮೊದಲು ಕಾಗೆ ಬರುತ್ತದೆ, ಆಮೇಲೆ ನಾಯಿ ಬರುತ್ತದೆ. ಬಂದ ನಾಯಿ ಅನ್ನ ತೀರಿದ ಮೇಲೂ ಅಲ್ಲಿಯೇ ನಿಂತು, ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆಯು ಮರಳಿನೊಳಗೆ ಮುಚ್ಚಿಟ್ಟುಹೋದ ಮೊಟ್ಟೆಗಳನ್ನು ಮೂಸಿ ಕೆದಕುತ್ತದೆ. ಮೊಟ್ಟೆಯೊಡೆದ ಮರಿಗಳು ಕಡಲ ಮೇಲಣ ಮಂದವಾದ ಬೆಳಕನ್ನೇ ನಂಬಿ ಹೊರಡತಕ್ಕವು. ದಂಡೆಯ ಮೇಲೆ ವಿದ್ಯುದ್ದೀಪಗಳು ಉರಿಯುತ್ತಿದ್ದರೆ ದಾರಿತಪ್ಪಿ ಅತ್ತ ತೆವಳುತ್ತವೆ. ಆದ್ದರಿಂದ ಊಟವು ಹೆಬ್ಬಾಗಿಲಿನ ಹೊರಗೆ, ನೆರಳು ನೀರು ಕಸದ ತೊಟ್ಟಿಗಳಿರುವ ಕಡೆ ನಡೆಯಲಿ. ಹಲಗೆದಾರಿಯ ಮೇಲೆ ಬೇಡ, ಆಮೆ ಬರುವ ಮರಳಿನ ಮೇಲಂತೂ ಬೇಡವೇ ಬೇಡ.

ಇನ್ನು ಹೆಬ್ಬಾಗಿಲ ಮಾತು. ಅಲ್ಲಿ ತೂಗುಹಾಕಿದ ಫಲಕದಲ್ಲಿ ಶುಲ್ಕವೆಷ್ಟೆಂದು ಬರೆದಿರುತ್ತದೆ, ಹೂವು ಕೀಳಬಾರದೆಂದು ಬರೆದಿರುತ್ತದೆ, ಉದ್ಘಾಟಿಸಿದವರ ಹೆಸರು ಎಲ್ಲಕ್ಕಿಂತ ದಪ್ಪ ಅಕ್ಷರಗಳಲ್ಲಿರುತ್ತದೆ. ಇವತ್ತು ನೀರು ಎಷ್ಟು ಗಂಟೆಗೆ ಇಳಿಯುವುದೆಂಬ ಒಂದು ಸಾಲನ್ನು ಸೀಮೆಸುಣ್ಣದಲ್ಲಿ ಬರೆದುಬಿಟ್ಟರೆ ಬಂದವರ ಅರ್ಧ ನಿರಾಶೆ ಅಲ್ಲಿಯೇ ಕಳೆಯುವುದು. ಅಲ್ಲದೆ, ಬಾಗಿಲು ತೆರೆಯುವ ಮುಚ್ಚುವ ವೇಳೆಯನ್ನೂ, ಹಗಲಿನ ಮಿತಿಯೊಳಗೆ, ನೀರನ್ನು ನೋಡಿಯೇ ಗೊತ್ತುಪಡಿಸಬೇಕೆಂದು ನನ್ನ ವಾದ. ನೌಕರರ ಪಾಳಿಗೆ ಇದು ಒಗ್ಗದೆಂದು ಹೇಳುವವರುಂಟು. ಮೀನುಗಾರರ ದುಡಿಮೆಯೆಲ್ಲ ತಲೆಮಾರುಗಳಿಂದ ನೀರಿನ ಪಾಳಿಗೇ ಒಗ್ಗಿರುವಾಗ ಒಂದು ಗೇಟಿಗೆ ಅದು ಅಸಾಧ್ಯವೇಕೆಂಬುದು ನನಗೆ ತಿಳಿಯದು. ಬೆಳಚು ಹೆಕ್ಕುವ ಹೆಂಗಸರಲ್ಲಿ ಒಪ್ಪಿದವರಿಗೆ ತಕ್ಕ ಸಂಬಳ ಕೊಟ್ಟು, ಬಂದವರಿಗೆ ದಾರಿ ತೋರುವ ಕೆಲಸವನ್ನು ವಹಿಸಬೇಕು. ಅವರ ಬದುಕೇ ಒಂದು ಪ್ರದರ್ಶನವಾಗಿಬಿಡುವ ಅಪಾಯ ಇದರಲ್ಲಿ ಇಲ್ಲದಿಲ್ಲ. ಹಾಗಾಗದಂತೆ ನೋಡಿಕೊಳ್ಳುವ ನಯ ನಮ್ಮಲ್ಲಿದೆಯೇ ಎಂಬ ಶಂಕೆಯೂ ನನಗುಂಟು.

ಮೊದಲ ದಿನದ ಕತೆ ಉಳಿಯಿತು. ಮುದುಕಿಯ ಮಾತಿಗೆ ನಾವು ಕಾದು ಕುಳಿತೆವು. ನಾಲ್ಕರ ಸುಮಾರಿಗೆ ಬೇರುಗಳ ಗಂಟುಗಳು ಒಂದೊಂದಾಗಿ ಮೇಲೆದ್ದವು; ನಾಲ್ಕೂಮುಕ್ಕಾಲಿಗೆ ಕೆಸರು ಅಂಗೈಯಗಲ ಮಿರುಗತೊಡಗಿತು; ಹುಡುಗನು ಹಲಗೆಯ ಮೇಲೆ ಬೋರಲಾಗಿ ಮಲಗಿ ಮೊದಲ ಏಡಿಯನ್ನು ಕಂಡು ಕೂಗಬೇಕೆನ್ನುವಷ್ಟರಲ್ಲಿ ಕಾವಲುಗಾರನು ಕೀಲಿಕೈ ಗೊಂಚಲನ್ನು ಅಲ್ಲಾಡಿಸುತ್ತ ಬಂದು, ಐದು ಗಂಟೆಗೆ ಬಾಗಿಲು ಹಾಕುವ ನಿಯಮವನ್ನು ವಿನಯದಿಂದಲೇ ತಿಳಿಸಿದನು. ನಾವು ಹೊರಬಂದು ತಿರುಗಿ ನೋಡುವಾಗ, ಮುದುಕಿಯು ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಬುಟ್ಟಿಯನ್ನು ಸೊಂಟಕ್ಕಾನಿಸಿಕೊಂಡು, ಇಳಿಯುವ ನೀರಿನ ಹಿಂದೆಯೇ ನಡೆದು ಬಹುದೂರ ಹೋಗಿದ್ದಳು.