ಇನ್ಶೂರೆನ್ಸ್ ಎಂದರೆ ಪೊಲೀಸರಿಗೆ ತೋರಿಸುವ ಕಾಗದವೇ?

ಮೊನ್ನೆ ಬೆಳಗ್ಗೆ ಮದ್ರಸ ಬಿಡುವ ಹೊತ್ತಿಗೆ, ಮಗನನ್ನು ಕರೆದುಕೊಂಡು ಹೋಗಲು ಬಂದ ಒಬ್ಬರು ಮೊಬೈಲ್ ತೆಗೆದು ನಮ್ಮ ಮುಂದೆ ಹಿಡಿದರು. ‘ಉಸ್ತಾದ್, ಇದೊಂದು ನೋಡಿ. ಸ್ವಿಫ್ಟಿಗೆ ಫುಲ್ ಇನ್ಶೂರೆನ್ಸ್ ಬರೀ 2,200 ರೂಪಾಯಿ ಅಂತೆ. ಇವತ್ತು ರಾತ್ರಿಯೊಳಗೆ ಕಟ್ಟಿದರೆ ಮಾತ್ರ. ಕಟ್ಟುದಾ?’

ವಾಟ್ಸ್‌ಆ್ಯಪ್‌ನಲ್ಲಿ ಬಂದ ಮೆಸೇಜು. ದೊಡ್ಡ ಕಂಪೆನಿಯ ಲೋಗೊ ಇತ್ತು. ಅವರ ಗಾಡಿಯ ನಂಬರ್ ಇತ್ತು. ಇನ್ಶೂರೆನ್ಸ್ ಮುಗಿಯುವ ತಾರೀಕು ಕೂಡಾ ಸರಿಯಾಗಿತ್ತು. ಆದರೆ ಹಣ ಕಳುಹಿಸಬೇಕಾದ ಯುಪಿಐ ಮಾತ್ರ ಯಾರೋ ಒಬ್ಬ ವ್ಯಕ್ತಿಯ ಹೆಸರಿನಲ್ಲಿತ್ತು. ‘ತಾರೀಕು ಸಮೇತ ಗೊತ್ತುಂಟಲ್ಲ, ಕಂಪೆನಿಯವರೇ ಆಗಿರಬೇಕು’ ಎಂಬುದು ಅವರ ಲೆಕ್ಕಾಚಾರ.

ಇಲ್ಲಿಯೇ ನಾವು ಮೊದಲು ಎಡವುವುದು. ಸರಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿದರೆ ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ ಎಂದು ಯಾರು ಬೇಕಾದರೂ ನೋಡಬಹುದು. ಹಾಗಾಗಿ ಫೋನ್ ಮಾಡಿದವನಿಗೆ ತಾರೀಕು ಗೊತ್ತಿದೆ ಎಂಬ ಮಾತ್ರಕ್ಕೆ ಅವನು ಕಂಪೆನಿಯವನಾಗುವುದಿಲ್ಲ.

ಎರಡನೆಯದು ದರ. ಪೂರ್ತಿ ಇನ್ಶೂರೆನ್ಸಿನಲ್ಲಿ ಎರಡು ಭಾಗಗಳಿವೆ. ನಮ್ಮ ಗಾಡಿಗೆ ಆದ ಹಾನಿಯದ್ದು ಒಂದು, ನಮ್ಮ ಗಾಡಿಯಿಂದ ಇನ್ನೊಬ್ಬರಿಗೆ ಆದ ಹಾನಿಯದ್ದು ಇನ್ನೊಂದು. ಈ ಎರಡನೆಯದೇ ಥರ್ಡ್ ಪಾರ್ಟಿ. ಮೊದಲನೆಯದರಲ್ಲಿ ಕಂಪೆನಿಗಳು ಹೆಚ್ಚು ಕಡಿಮೆ ಮಾಡಬಹುದು. ಥರ್ಡ್ ಪಾರ್ಟಿಯ ದರವನ್ನು ಮಾತ್ರ ನಿಗದಿ ಮಾಡುವುದು ಕೇಂದ್ರ ಸರಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಪೆಟ್ರೋಲ್, ಡೀಸೆಲ್ ಖಾಸಗಿ ಕಾರುಗಳಿಗೆ ವರ್ಷಕ್ಕೆ 1,000 ಸಿಸಿವರೆಗೆ 2,094 ರೂ., 1,500 ಸಿಸಿವರೆಗೆ 3,416 ರೂ., ಅದಕ್ಕಿಂತ ಮೇಲೆ 7,897 ರೂ. ಇದರ ಮೇಲೆ ಜಿಎಸ್‌ಟಿ ಬೇರೆ. ಸ್ವಿಫ್ಟ್ 1,197 ಸಿಸಿ ಗಾಡಿ. ಅದರ ಥರ್ಡ್ ಪಾರ್ಟಿ ಒಂದಕ್ಕೇ ಶೇ. 18 ಜಿಎಸ್‌ಟಿ ಸೇರಿದರೆ 4,000 ರೂ. ದಾಟುತ್ತದೆ. ಹಾಗಿರುವಾಗ 2,200ಕ್ಕೆ ‘ಫುಲ್ ಇನ್ಶೂರೆನ್ಸ್’ ಕೊಡುವವನು ಯಾರು? ಸರಕಾರದ ಪಟ್ಟಿ ಆಗಾಗ ಬದಲಾಗಬಹುದು. ಆದರೆ ಆ ಪಟ್ಟಿಗಿಂತ ಕೆಳಗೆ ಯಾವ ಕಂಪೆನಿಯೂ ಇಳಿಯುವಂತಿಲ್ಲ. ಕೊಡುತ್ತೇನೆ ಎಂದರೆ ಅದು ಮೋಸ ಎಂದೇ ತಿಳಿಯಿರಿ.

ಹಣ ಕಟ್ಟಿದ ಮೇಲೆ ಪಾಲಿಸಿ ಬರುವುದೇ ಇಲ್ಲ ಎಂದೇನೂ ಇಲ್ಲ. ಚೆಂದದ ಪಿಡಿಎಫ್ ಬರುತ್ತದೆ, ಅದರಲ್ಲಿ ಕ್ಯೂಆರ್ ಕೋಡೂ ಇರುತ್ತದೆ. ಕೆಲವು ವಂಚಕರು ನಮ್ಮ ಕಾರಿನ ನಂಬರನ್ನೇ ಹಾಕಿ, ಕಡಿಮೆ ದರದ ಬೈಕಿನ ಪಾಲಿಸಿ ಮಾಡಿಸಿ, ಆಮೇಲೆ ಪಿಡಿಎಫ್‌ನಲ್ಲಿ ಬೈಕ್ ಎಂದಿರುವಲ್ಲಿ ಕಾರು ಎಂದು ತಿದ್ದಿ ಕಳುಹಿಸುತ್ತಾರೆ. ಇದು ಬೇಗ ಗೊತ್ತಾಗುವುದೂ ಇಲ್ಲ. ಆದ್ದರಿಂದ ಪಾಲಿಸಿ ಕೈಗೆ ಬಂದ ದಿನವೇ ಕಂಪೆನಿಯ ವೆಬ್‌ಸೈಟನ್ನು ನಾವೇ ಟೈಪ್ ಮಾಡಿ ತೆರೆದು, ಪಾಲಿಸಿ ನಂಬರ್ ಹಾಕಿ ನೋಡಬೇಕು. ಗಾಡಿ ಯಾವುದು, ಇಂಜಿನ್ ನಂಬರ್, ಚಾಸಿ ನಂಬರ್ ಆರ್‌ಸಿಯಲ್ಲಿ ಇರುವಂತೆಯೇ ಉಂಟಾ ಎಂದು ಹೋಲಿಸಬೇಕು. ಗೂಗಲ್‌ನಲ್ಲಿ ಹುಡುಕುವಾಗ ಮೇಲೆ ಬರುವ ಜಾಹೀರಾತಿನ ಲಿಂಕು, ಅಲ್ಲಿ ಸಿಗುವ ‘ಕಸ್ಟಮರ್ ಕೇರ್’ ನಂಬರ್ ಎರಡನ್ನೂ ನಂಬಬಾರದು. ಪಾಲಿಸಿ ಎಂದು ಎಪಿಕೆ ಫೈಲ್ ಬಂದರೆ ಒತ್ತಲೇಬಾರದು. ಅದು ಪಾಲಿಸಿ ಅಲ್ಲ, ನಮ್ಮ ಫೋನಿನೊಳಗೆ ನುಗ್ಗುವ ಆ್ಯಪ್. ಹಣ ಹೋಗಬೇಕಾದದ್ದು ಕಂಪೆನಿಯ ಹೆಸರಿಗೆ, ವ್ಯಕ್ತಿಯ ಹೆಸರಿಗಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಅವರು ಒಂದು ಮಾತು ಹೇಳಿದರು. ‘ಪೊಲೀಸರು ಕೇಳಿದಾಗ ತೋರಿಸಲಿಕ್ಕೆ ಒಂದು ಕಾಗದ ಆದ್ರೆ ಸಾಕಲ್ಲ ಉಸ್ತಾದ್.’ ಇದು ಅವರೊಬ್ಬರ ಮಾತಲ್ಲ, ನಮ್ಮಲ್ಲಿ ಬಹಳ ಮಂದಿಯ ಮನಸ್ಸಿನಲ್ಲಿರುವುದು. ಮೋಸಗಾರರು ಬದುಕುವುದೇ ಈ ಮಾತಿನ ಮೇಲೆ ಎಂದು ನಮಗೆ ಅನ್ನಿಸುತ್ತದೆ. ಕಾಗದ ಮಾತ್ರ ಸಾಕು ಎನ್ನುವವನಿಗೆ ಅವರು ಕಾಗದ ಮಾತ್ರ ಕೊಡುತ್ತಾರೆ.

ಪೊಲೀಸರ ದಂಡವಾದರೆ ಮೊದಲ ಸಲ 2,000 ರೂ. ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅದಕ್ಕಿಂತ ದೊಡ್ಡದು ಬೇರೆ ಇದೆ. 1988ರ ಮೋಟಾರು ವಾಹನ ಕಾಯ್ದೆ ಥರ್ಡ್ ಪಾರ್ಟಿಯನ್ನು ಕಡ್ಡಾಯ ಮಾಡಿದ್ದು ನಮ್ಮ ಕಾರಿಗಾಗಿ ಅಲ್ಲ, ರಸ್ತೆಯಲ್ಲಿ ನಡೆದು ಹೋಗುವವನಿಗಾಗಿ. ಸುಬಹಿ ನಮಾಝಿಗೆ ಹೊರಟ ವೃದ್ಧರು, ಶಾಲೆಗೆ ಹೋಗುವ ಮಗು, ಬೈಕಿನಲ್ಲಿ ಮೀನು ಮಾರುವ ತಮ್ಮ, ಇವರಲ್ಲಿ ಯಾರಿಗಾದರೂ ನಮ್ಮ ಗಾಡಿ ತಾಗಿದರೆ ಅವರ ಮನೆಗೆ ಸಿಗಬೇಕಾದ ಪರಿಹಾರ ಅದು. ತಪ್ಪು ಯಾರದ್ದು ಎಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂ. ಕೇಳಲು ಕಾನೂನಿನಲ್ಲಿ ಅವಕಾಶವಿದೆ. ತಪ್ಪು ಸಾಬೀತಾದರೆ ಮೊತ್ತ ಇನ್ನೂ ಎಷ್ಟೋ ಮೇಲೆ ಹೋಗಬಹುದು. ಪಾಲಿಸಿ ನಕಲಿ ಆದರೆ ಕಂಪೆನಿ ಕೈ ತೊಳೆದುಕೊಳ್ಳುತ್ತದೆ. ಹೊರೆ ಬೀಳುವುದು ಗಾಡಿಯ ಯಜಮಾನನ ಮೇಲೆ, ಅವನ ಮನೆ ಜಾಗದ ಮೇಲೆ. ಅವನ ಹತ್ತಿರವೂ ಇಲ್ಲವೆಂದಾದರೆ ಕಾಲು ಮುರಿದುಕೊಂಡವನು ಬರಿಗೈಯಲ್ಲಿ ಉಳಿಯುತ್ತಾನೆ. ಹಕ್ಕುಲ್ ಇಬಾದ್ ಎಂದು ಮಕ್ಕಳಿಗೆ ನಾವು ಪಾಠ ಹೇಳುತ್ತೇವಲ್ಲ, ಇನ್ನೊಬ್ಬರಿಗೆ ಸಲ್ಲಬೇಕಾದ ಹಕ್ಕು, ಅದು ಇದೇ.

ನಮ್ಮ ಮನೆಗಳಲ್ಲಿ ಇನ್ನೊಂದು ಕಷ್ಟ ಉಂಟು. ಮಗ ಗಲ್ಫಿನಲ್ಲಿ, ಕಾರು ಊರಿನಲ್ಲಿ, ಫೋನ್ ಬರುವುದು ಉಮ್ಮನಿಗೆ. ‘ಅಸ್ಸಲಾಮು ಅಲೈಕುಂ’ ಎಂದು ಮಾತು ಶುರು ಮಾಡಿದರೆ ಉಮ್ಮ ನಂಬಿಬಿಡುತ್ತಾರೆ. ಸಲಾಂಗೆ ಉತ್ತರ ಕೊಡೋಣ, ಒಟಿಪಿ ಕೊಡುವುದು ಬೇಡ. ‘ಮಗನ ಹತ್ತಿರ ಕೇಳಿ ಹೇಳುತ್ತೇನೆ’ ಎಂದು ಫೋನ್ ಇಡಲು ಮನೆಯ ಹೆಂಗಸರಿಗೆ ಮೊದಲೇ ಹೇಳಿಕೊಡಬೇಕು. ಗಲ್ಫಿನಲ್ಲಿರುವ ಮಕ್ಕಳು ಮುಗಿಯುವ ತಾರೀಕಿಗೆ ಒಂದು ತಿಂಗಳು ಮೊದಲೇ ಕಂಪೆನಿಯ ವೆಬ್‌ಸೈಟಿನಲ್ಲಿ ತಾವೇ ಕಟ್ಟಿ, ಪಾಲಿಸಿಯನ್ನು ಮನೆಗೆ ಕಳುಹಿಸಲಿ. ಕೊನೆಯ ದಿನದ ಗಡಿಬಿಡಿ ಇಲ್ಲದಿದ್ದರೆ ‘ಇವತ್ತು ಮಾತ್ರ’ ಎಂಬ ಬಲೆಯೂ ಇಲ್ಲ.

ಜಮಾಅತಿನ, ಮೊಹಲ್ಲಾದ ವಾಟ್ಸ್‌ಆ್ಯಪ್ ಗ್ರೂಪುಗಳ ಅಡ್ಮಿನ್‌ಗಳಲ್ಲೂ ಒಂದು ಕೋರಿಕೆ. ವಿಚಾರಿಸದೆ ಇಂತಹ ಆಫರ್ ಹಾಕಲು ಬಿಡಬೇಡಿ. ನಿಮ್ಮ ಗ್ರೂಪಿನಲ್ಲಿ ಬಂದದ್ದನ್ನು ಜನ ನಿಮ್ಮ ಮಾತೆಂದೇ ನಂಬುತ್ತಾರೆ. ಪ್ರತಿ ಮೊಹಲ್ಲಾದಲ್ಲಿ ಕಲಿತ ಇಬ್ಬರು ಹುಡುಗರು ತಿಂಗಳಿಗೊಮ್ಮೆ ಜುಮಾ ಮುಗಿದ ಮೇಲೆ ಅರ್ಧ ಗಂಟೆ ಕೂತು, ಕೇಳಿದವರ ಪಾಲಿಸಿ ಪರೀಕ್ಷೆ ಮಾಡಿಕೊಡಲಿ. ಖರ್ಚಿಲ್ಲದ ಉಪಕಾರ ಅದು.

ಮೋಸ ಹೋಗಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟು ಹಣ ತಡೆಹಿಡಿಯುವ ಅವಕಾಶ ಹೆಚ್ಚು. ನಿಮ್ಮ ಬ್ಯಾಂಕಿಗೂ ತಿಳಿಸಿ. ವಿಮಾ ಪ್ರಾಧಿಕಾರ ಐಆರ್‌ಡಿಎಐಯ ಸಹಾಯವಾಣಿ 155255. ಈ ಪ್ರಾಧಿಕಾರ ಯಾರಿಗೂ ಪಾಲಿಸಿ ಮಾರುವುದಿಲ್ಲ, ಬೋನಸ್ ಕೊಡುವುದಿಲ್ಲ. ಅದರ ಹೆಸರಿನಲ್ಲಿ ಅಂತಹ ಫೋನ್ ಬಂದರೆ ಅದೂ ಸುಳ್ಳೇ.

ಮೊಬೈಲ್ ತೋರಿಸಿದ ಆ ತಂದೆ ಅವತ್ತು ಹಣ ಕಳುಹಿಸಲಿಲ್ಲ. ಕಂಪೆನಿಯ ಕಚೇರಿಗೇ ಹೋಗಿ ಕಟ್ಟಿ ಬಂದರು. ‘ಜಾಸ್ತಿ ಆಯ್ತು ಉಸ್ತಾದ್’ ಎಂದು ಗೊಣಗಿದರು. ಜಾಸ್ತಿಯೇ. ಆದರೆ ನಾಳೆ ಅವರ ಗಾಡಿ ಯಾರಿಗಾದರೂ ತಾಗಿದರೆ, ಅಲ್ಲಾಹು ಕಾಪಾಡಲಿ, ಆ ಮನೆಯವರ ಮುಂದೆ ತಲೆ ತಗ್ಗಿಸಿ ‘ನನ್ನ ಕಾಗದ ಸುಳ್ಳಾಗಿತ್ತು’ ಎಂದು ಹೇಳುವ ಗತಿ ಅವರಿಗೆ ಬಾರದು.